ಚಾವಿಯೊಳಗಿನ ಒಡಪು

ಮೊಮ್ಮಗಳ ಲ್ಯಾಪ್‌ಟಾಪ್ ಕೆಟ್ಟಿದೆ ಎಂದು ಮೊದಲು ಕಂಡುಹಿಡಿದವಳು ನಾನು. ಸವಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅವಳು ಕಂಬಕ್ಕೆ ಒರಗಿ ಕುಳಿತು ಟಕಟಕ ಏನೋ ಹೊಡೆಯುತ್ತಿದ್ದಳು. ನಾನು ಪಕ್ಕದಲ್ಲಿ ಬಳ್ಳೊಳ್ಳಿ ಸುಲಿಯುತ್ತಿದ್ದೆ. ಪರದೆ ಕರ್ರಗಿತ್ತು. ಅವಳ ಬೆರಳು ಓಡುತ್ತಿದ್ದವು, ಪರದೆಯ ಮೇಲೆ ಒಂದು ಅಕ್ಷರವೂ ಬೀಳುತ್ತಿರಲಿಲ್ಲ.

“ಏ ಹುಡುಗಿ, ನಿಂದು ಕೆಟ್ಟೈತಿ ನೋಡು. ಬರದದ್ದು ಮೂಡವಲ್ದು.”

“ಕೆಟ್ಟಿಲ್ಲ ಬೇ ಆಯಿ. ಇದು ಗುಟ್ಟಿನ ಮಾತು. ಗುಟ್ಟಿನ ಮಾತು ಹೊಡಿಯೋವಾಗ ಅದು ಏನೂ ತೋರಸಂಗಿಲ್ಲ. ಒಂದು ಚುಕ್ಕಿ ಸೈತ ಇಡಂಗಿಲ್ಲ.”

“ಮತ್ತ ನೀ ಏನ ಬರದಿ ಅಂತ ನಿನಗರ ಹ್ಯಾಂಗ ಗೊತ್ತಾಗಬೇಕು?”

“ಬೆರಳಿಗೆ ಗೊತ್ತಿರತೈತಿ.”

ನಾನು ದಂಗಾದೆ. ಬರೆಯುವುದು ಕಾಣಲಿ ಎಂದೇ ಅಲ್ಲವೇ ಮನುಷ್ಯರು ಬರೆಯುವುದು? ಸಾಲಿಯಲ್ಲಿ ನಾನು ಕಲಿತದ್ದು ಸ್ವಲ್ಪ. ಆದರೆ ಪಾಟಿಯ ಮೇಲೆ ಬರೆದದ್ದು ಒರೆಸುವ ತನಕ ಇರುತ್ತಿತ್ತು. ಬರೆಯುವಾಗಲೇ ಕಾಣದ ಅಕ್ಷರವನ್ನು ಅಂದೇ ಮೊದಲು ನೋಡಿದೆ. ಅಲ್ಲ, ನೋಡಲಿಲ್ಲ. ಅದೇ ನನಗೆ ಬಡಿದ ಮೊದಲ ಬೆರಗು.

ಅವಳು ಓದುತ್ತಿರುವುದು ಹೊಳೆಯ ವಿಷಯ. ನನ್ನ ತವರುಮನೆ ಮೆಣಸಗಿ, ಮಲಪ್ರಭೆಯ ಮಗ್ಗುಲಿಗೇ ಇರುವ ಊರು. ಹೊಳೆ ಊರೊಳಗೆ ಬಂದಾಗ ಯಾವ ಓಣಿಗೆ ಮೊದಲು ನುಗ್ಗುತ್ತದೆ, ಯಾವ ಹೊಲ ಕಡೆಗೆ ಮುಳುಗುತ್ತದೆ ಎಂದು ಮೊದಲೇ ಹೇಳಲು ಬರುತ್ತದೆಯೇ ಎಂಬುದು ಅವಳ ಲೆಕ್ಕ. ಅದಕ್ಕಾಗಿ ನನ್ನನ್ನೇ ಮುಂದೆ ಮಾಡಿಕೊಂಡು ಮೆಣಸಗಿಯಲ್ಲಿ ಮನೆಮನೆ ತಿರುಗಿದಳು. “ನೀರು ಎಲ್ಲಿ ತನಾ ಬಂದಿತ್ತರೀ?” ಎಂದು ಕೇಳಿದರೆ ಒಬ್ಬಾಕೆ ಗೋಡೆಯ ಮೇಲೆ ಕೈಯಿಟ್ಟು ತೋರಿಸಿದಳು, ಇನ್ನೊಬ್ಬಾಕೆ ತನ್ನ ಎದೆಯ ಮೇಲೆ. ಒಬ್ಬ ಮುದುಕ ಗೋಡೆಯಲ್ಲಿನ ದೇವರ ಗೂಡು ತೋರಿಸಿ, “ದೇವರ ಮಾಡದ ತನಾ ಬಂತು, ದೇವರು ಕಾಲ ಮ್ಯಾಲ ಎತ್ತಿಕೊಂಡ” ಎಂದ. ಮೊಮ್ಮಗಳು ಅದನ್ನೂ ಟೇಪು ಹಿಡಿದು ಅಳೆದಳು.

ಅಷ್ಟೆಲ್ಲ ಅಳತೆಗಳನ್ನು ಜೀರ್ಣಿಸಿಕೊಳ್ಳುವ ಶಕ್ತಿ ಅವಳ ಲ್ಯಾಪ್‌ಟಾಪಿಗೆ ಇಲ್ಲವಂತೆ. ಯುನಿವರ್ಸಿಟಿಯಲ್ಲಿ ತಣ್ಣನೆಯ ಕೋಣೆಯೊಂದರಲ್ಲಿ ಕಂಪ್ಯೂಟರುಗಳ ದೊಡ್ಡ ಹಿಂಡೇ ಇದೆಯಂತೆ. ಅದಕ್ಕೆ ಕ್ಲಸ್ಟರ್ ಎನ್ನುತ್ತಾರೆ. ಎಲ್ಲ ಹುಡುಗರೂ ತಮ್ಮ ತಮ್ಮ ಕೆಲಸವನ್ನು ಅದಕ್ಕೆ ಒಪ್ಪಿಸಿ, ಪಾಳಿ ಬರುವ ತನಕ ಕಾಯುತ್ತಾರೆ.

“ಕಣ ಇದ್ದಂಗ ಬೇ ಆಯಿ,” ಎಂದಳು. “ಎಲ್ಲಾರಿಗೂ ಸೇರಿ ಒಂದ ದೊಡ್ಡ ಕಣ. ನಾವು ತೆನಿ ಒಯ್ದು ಹಾಕಬೇಕು, ಅದು ರಾಶಿ ಮಾಡಿ ಇಟ್ಟಿರತೈತಿ. ಕಾಳು ನಾವ ತುಂಬಕೊಂಡು ಮನಿಗೆ ತರಬೇಕು.”

“ದಾರ್‍ಯಾಗ ಯಾರರ ಕದ್ದರ?”

“ಅದಕ್ಕ ಗಂಟ ಕಟ್ಟಿ ಕಳಸತಾರ. ನಡಕ ಯಾರರ ಬಿಚ್ಚಿದ್ರ ಗೊತ್ತಾಗತೈತಿ.”

ಇದು ನನಗೆ ಥಟ್ಟನೆ ತಿಳಿಯಿತು. ನಾನು ಹೊಸದಾಗಿ ಗಂಡನ ಮನೆಗೆ ಬಂದಾಗ ಮೆಣಸಗಿಯಿಂದ ಯಾರಾದರೂ ಈ ಕಡೆ ಬರುತ್ತಿದ್ದರೆ ನಮ್ಮವ್ವ ಬುತ್ತಿ ಕಟ್ಟಿ ಕೊಡುತ್ತಿದ್ದಳು. ಅವಳ ಗಂಟೇ ಬೇರೆ. ಬಟ್ಟೆಯ ತುದಿಯನ್ನು ಒಳಗೆ ಮಡಚಿ ಹಾಕುವ ಗಂಟು. ಒಂದು ಸಲ ಬುತ್ತಿ ತಂದವನು ಹಾದಿಯಲ್ಲಿ ಬಿಚ್ಚಿ ಎರಡು ಎಳ್ಳು ಹೋಳಿಗೆ ತಿಂದು ಮತ್ತೆ ಕಟ್ಟಿದ್ದ. ಗಂಟು ನೋಡಿದ ಕೂಡಲೇ ಹಿಡಿದೆ. “ಹೋಳಿಗಿ ಚಲೋ ಇದ್ದವೇನು?” ಎಂದು ಕೇಳಿದ್ದಕ್ಕೆ ಅವನು ನೀರು ಕುಡಿಯದೆ ಓಡಿಹೋದ. ಯುನಿವರ್ಸಿಟಿಯ ದೊಡ್ಡ ದೊಡ್ಡ ಪಂಡಿತರು ಕೂಡಿ ಮಾಡಿದ್ದು ನಮ್ಮವ್ವನ ಗಂಟು ಎಂದು ಕೇಳಿ ನನಗೆ ಆಶ್ಚರ್ಯವೂ ಆಯಿತು, ಸ್ವಲ್ಪ ಸೊಕ್ಕೂ ಬಂತು.

ಕೆಲವು ದಿನಗಳ ಮೇಲೆ ಅವಳಿಗೆ ಯುನಿವರ್ಸಿಟಿಯಿಂದ ಸುದ್ದಿ ಬಂತು. ಇನ್ನು ಮುಂದೆ ಹೊರಗಿನಿಂದ ಬರುವವರಿಗೆ ಬರೀ ಗುಟ್ಟಿನ ಮಾತು ಸಾಲದು, ಚಾವಿ ಬೇಕು. ಕೀಲಿ, ಅಂದರೆ ಬೀಗ, ಅಲ್ಲಿಗೆ ಕಳಿಸಬೇಕು, ಚಾವಿ ಇಲ್ಲಿ ಲ್ಯಾಪ್‌ಟಾಪಿನಲ್ಲೇ ಇರಬೇಕು. ಚಾವಿ ಯಾರ ಕೈಗಾದರೂ ಸಿಕ್ಕೀತೆಂದು ಆ ಚಾವಿಯನ್ನೂ ಒಂದು ಡಬ್ಬಿಯಲ್ಲಿ ಇಟ್ಟು, ಡಬ್ಬಿಗೆ ಮತ್ತೊಂದು ಗುಟ್ಟಿನ ಮಾತು. ಈ ಸಲ ಒಂದು ಶಬ್ದವಲ್ಲ, ಉದ್ದನೆಯ ಒಂದು ಸಾಲು.

“ಆಯಿ, ಉದ್ದಂದು ಒಂದು ಮಾತು ಹೇಳು ಬೇ. ಯಾರಿಗೂ ಗೊತ್ತಿರಬಾರದು, ಯಾವ ಪುಸ್ತಕದಾಗೂ ಇರಬಾರದು, ಮರಿಯಾಕೂ ಬರಬಾರದು.”

ಅಂಥದ್ದು ನನ್ನ ಹತ್ತಿರ ಒಂದೇ ಒಂದಿತ್ತು. ಅದರ ಕಥೆ ಹೇಳಬೇಕು.

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಲೇಬೇಕಾದ ಹೊತ್ತು ಬಂದರೆ ಎರಡು ಸಾಲಿನ ಪ್ರಾಸ ಕಟ್ಟಿ ಅದರ ನಡುವೆ ಹೆಸರನ್ನು ಅಡಗಿಸಿ ಹೇಳುತ್ತಾರೆ. ಅದೇ ಒಡಪು. ಮದುವೆ, ಬಸುರಿಗೆ ಮಾಡುವ ಕುಬಸ, ತೊಟ್ಟಿಲು ಹಾಕುವುದು, ಯಾವುದೇ ಇರಲಿ, ಹೊಸ್ತಿಲಲ್ಲಿ ಅಡ್ಡಗಟ್ಟಿ “ಹೆಸರ ಹೇಳಿ ಒಳಗ ಬಾ” ಎನ್ನುತ್ತಾರೆ. ಅತ್ತೆ ಮಾವ, ನೆರೆಹೊರೆ, ಎಲ್ಲರ ಮುಂದೆ ಹೇಳಬೇಕು.

ನಮ್ಮನೆಯವರು ಮನೆಗೆ ಹಿರಿಯ ಮಗ. ಅವರು ಕೆಮ್ಮಿದರೆ ದನದ ಕೊಟ್ಟಿಗೆಯಲ್ಲಿದ್ದ ಆಳು ಎದ್ದು ನಿಲ್ಲುತ್ತಿದ್ದ. ಮೀಸೆಯೇ ಅರ್ಧ ಮುಖ. ಮದುವೆಯಾದ ಹೊಸದರಲ್ಲಿ ಒಮ್ಮೆ ಮೆಣಸಿನಕಾಯಿ ಬಿಡಿಸಲು ಹೋಗಿ, ದಿನವಿಡೀ ನಿಂತು, ಮೇಲೆ ಜಾಲಿಮುಳ್ಳು ಮೆಟ್ಟಿ ಮನೆಗೆ ಬಂದೆ. ದೀಪ ಹಚ್ಚಿದ ಮೇಲೆ ಅವರು ಕೋಣೆಯ ಬಾಗಿಲು ಹಾಕಿದರು. ಬೈಯುತ್ತಾರೆ ಎಂದು ನಾನು ಮುದ್ದೆಯಾಗಿ ಕುಳಿತಿದ್ದೆ. ಅವರು ಕೆಳಗೆ ಕುಳಿತು, ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಮುಳ್ಳು ತೆಗೆದು, ಕೊಬ್ಬರಿ ಎಣ್ಣೆ ಹಚ್ಚಿ ಒತ್ತತೊಡಗಿದರು. ನನಗೆ ಜೀವವೇ ಹಾರಿಹೋಯಿತು. ಗಂಡ ಹೆಂಡತಿಯ ಕಾಲು ಮುಟ್ಟುವುದೆಂದರೇನು! ಎಳೆದುಕೊಳ್ಳಲು ಹೋದರೆ ಬಿಡಲಿಲ್ಲ. ಒತ್ತಿ ಮುಗಿಸಿ ಮೀಸೆ ತಿರುವಿ ಅಂದರು: “ಯಾರ ಮುಂದರ ಅಂದೀ ಅಂದ್ರ ಇದ ಕಾಲ ಮುರೀತೇನಿ.”

ಅಂದಿನಿಂದ ಅದೊಂದು ರೂಢಿಯಾಯಿತು. ಹಗಲು ಬೈಗುಳ, ಸಂಜೆ ಬಾಗಿಲು ಹಾಕಿದ ಮೇಲೆ ಕೊಬ್ಬರಿ ಎಣ್ಣೆ.

ನಾನೇನು ಸುಮ್ಮನಿರುವವಳೇ? ಒಂದು ಒಡಪು ಕಟ್ಟಿದೆ. ಅವರೊಬ್ಬರಿಗೇ ಹೇಳಿ ತೋರಿಸಿದೆ. ಅವರ ಮುಖ ಬಿಳಚಿಕೊಂಡಿತು. ಆಮೇಲೆ ಯಾರ ಮನೆಯ ಕಾರ್ಯವಿದ್ದರೂ ಹೆಂಗಸರು “ಹೆಸರ ಹೇಳವಾ” ಎಂದು ನನ್ನನ್ನು ನಿಲ್ಲಿಸಿದಾಗ ಅವರು ದೂರದ ಕಟ್ಟೆಯ ಮೇಲೆ ಕುಳಿತಿದ್ದರೂ ಕಿವಿ ಇಲ್ಲಿರುತ್ತಿತ್ತು. ನಾನು ಬೇಕೆಂದೇ ಆ ಒಡಪಿನ ಮೊದಲ ಸಾಲು ಸುರು ಮಾಡುತ್ತಿದ್ದೆ. ಮೀಸೆ ನಡುಗುತ್ತಿತ್ತು. ಅರ್ಧಕ್ಕೆ ಕೆಮ್ಮಿ, ಬೇರೆ ಯಾವುದೋ ಹೂವು ಹಣ್ಣಿನ ಒಡಪು ಹೇಳಿ ಮುಗಿಸುತ್ತಿದ್ದೆ. ಆ ದಿನ ಮನೆಗೆ ಹೋಗುವಾಗ ಬಜಾರದಲ್ಲಿ ನನಗೆ ಕೇಳದೆಯೇ ಬಳೆ ಸಿಗುತ್ತಿದ್ದವು.

ಹೀಗೆ ಆ ಒಡಪನ್ನು ಪೂರ್ತಿ ಕೇಳಿದವರು ಅವರೊಬ್ಬರೇ. ಅವರು ಹೋದ ಮೇಲೆ ಒಡಪು ಹೇಳೆಂದು ನನ್ನನ್ನು ಕೇಳುವವರೂ ಇಲ್ಲ. ಅದು ಮುತ್ತೈದೆಯರ ಕೆಲಸ. ನಾನು ಕಾರ್ಯಗಳಿಗೆ ಹೋಗುತ್ತೇನೆ, ಹಿಂದಿನ ಸಾಲಿನಲ್ಲಿ ಕೂಡುತ್ತೇನೆ. ಅವರ ಹೆಸರು ನನ್ನ ಬಾಯಿಂದ ಹೊರಟು ವರ್ಷಗಳಾಗಿದ್ದವು.

ಆದ್ದರಿಂದ ಮೊಮ್ಮಗಳು ಕೇಳಿದಾಗ ಅವಳ ಕಿವಿಯಲ್ಲಿ ಅದನ್ನೇ ಹೇಳಿದೆ. ಅವಳು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡು, ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಚಾವಿಯ ಡಬ್ಬಿ ಮುಚ್ಚಿದಳು. ಪರದೆಯ ಮೇಲೆ ಏನೂ ಮೂಡಲಿಲ್ಲ. “ಇದನ್ನ ಎಲ್ಲೂ ಬರದಿಡಬಾರದು ಬೇ, ಮೆಸೇಜಿನ್ಯಾಗೂ ಕಳಸಬಾರದು,” ಎಂದು ನನಗೇ ತಾಕೀತು ಮಾಡಿದಳು. ಮೆಸೇಜು ಕಳಿಸಲು ಆಗ ನನಗೆ ಎಲ್ಲಿ ಬರುತ್ತಿತ್ತು? ಫೋನು ಎತ್ತುವುದು, ಇಡುವುದು, ಅಷ್ಟೇ.

ಆಮೇಲೆ ತಿಂಗಳುಗಟ್ಟಲೆ ಅದರ ಸುದ್ದಿಯೇ ಇಲ್ಲ. ಒಮ್ಮೆ ಹೇಳಿದರೆ ಲ್ಯಾಪ್‌ಟಾಪೇ ನೆನಪಿಟ್ಟುಕೊಳ್ಳುತ್ತದಂತೆ. ದಿನವೂ ಅವಳು ಹಾಗೇ ಒಳಗೆ ಹೋಗಿ ಬರುತ್ತಿದ್ದಳು.

ಒಂದು ರವಿವಾರ ಗಜೇಂದ್ರಗಡದಲ್ಲಿ ನನ್ನ ನೆಗೆಣ್ಣಿಯ ಕಿರಿಯ ಮಗಳಿಗೆ ಅವಳ ಗಂಡನ ಮನೆಯಲ್ಲಿ ಕುಬಸ. ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಒಂದೇ ಒಲೆಯ ಮುಂದೆ ನಾವಿಬ್ಬರೂ ಮುದುಕಿಯರಾದವರು. ಅವಳು ಮಾತು ಕಡಿಮೆ, ಮಡಿ ಜಾಸ್ತಿ. ಇಬ್ಬರೂ ರೋಣದಲ್ಲಿ ಬಸ್ಸು ಹತ್ತಿದೆವು. ಬಸ್ಸು ತುಂಬಿ ತುಳುಕುತ್ತಿತ್ತು. ಹೇಗೋ ಒಂದು ಸೀಟು ಸಿಕ್ಕಿತು. ನೆಗೆಣ್ಣಿಯ ತೊಡೆಯ ಮೇಲೆ ಉಡಿ ತುಂಬುವ ಸಾಮಾನಿನ ಗಂಟು.

ಮೊಮ್ಮಗಳು ಆ ದಿನ ನರಗುಂದದಲ್ಲಿ ಗೆಳತಿಯ ಮನೆಯಲ್ಲಿದ್ದಳು. ಅಲ್ಲಿ ಇಂಟರ್ನೆಟ್ ಜೋರು. ಬಸ್ಸು ಊರು ಬಿಡುತ್ತಿದ್ದಂತೆ ಅವಳ ಫೋನು ಬಂತು.

“ಆಯಿ, ಎಲ್ಲಿದ್ದೀ ಬೇ? ನಿನ್ನ ಮಾತು ಮರತೇನಿ!”

“ಯಾವ ಮಾತು?”

“ಚಾವಿದು! ಲ್ಯಾಪ್‌ಟಾಪ್ ತಾನ ಬಂದ ಆಗಿ ಮತ್ತ ಚಾಲೂ ಆತು. ಈಗ ಗುಟ್ಟಿನ ಮಾತು ಕೇಳಾಕತ್ತೈತಿ. ಹುಲಿ ಅನ್ನೋದಷ್ಟ ನೆನಪೈತಿ. ಮುಂಜಾನಿಂದ ಹೊಡದೂ ಹೊಡದೂ ಸಾಕಾತು.”

“ನಾಳೆ ಮನಿಗೆ ಬಂದ ಮ್ಯಾಲ ಹೇಳತೇನಿ ತಗೋ.”

“ನಾಳೆ ಇಲ್ಲ ಬೇ! ಇವತ್ತ ಸಂಜಿಗೆ ಕಣಾ ಅಳಸತಾರ. ದುರಸ್ತಿ ಐತಿ ಅಂತ ನೋಟಿಸ್ ಹಾಕ್ಯಾರ. ನಮ್ಮ ರಾಶಿ ಈಗ ಮುಗದೈತಿ, ಎಲ್ಲಾ ಅಲ್ಲೇ ಬಿದ್ದೈತಿ. ಸಂಜಿ ಒಳಗ ತುಂಬಕೊಂಡು ಬರಲಿಲ್ಲಂದ್ರ ಎಲ್ಲಾ ಅಳಸಿ ಹಾಕತಾರ. ಮೆಣಸಗಿ ಅಳತಿನೂ ಅಲ್ಲೇ ಅದಾವ, ನನ್ನ ಹತ್ರ ನಕಲಿಲ್ಲ!”

“ಯಾರಿಗರ ಫೋನ್ ಮಾಡವಾ, ಅಳಸಬ್ಯಾಡ್ರಿ ಅನ್ನು.”

“ರವಿವಾರ ಐತಿ, ಯಾರೂ ಎತ್ತವಲ್ರು. ಎತ್ತಿದ್ರೂ ನನ್ನ ಗುಟ್ಟು ಅವರಿಗೂ ಗೊತ್ತಿರಂಗಿಲ್ಲ. ನಿನಗ ಒಬ್ಬಾಕಿಗೇ ಗೊತ್ತು.”

ಯಾರದು, ಏನು ಎಂದು ನೋಡದೆ, ಕೇಳದೆ, ಅಳಿಸಿಬಿಡುತ್ತಾರೆಯೇ? ಗೋಡೆಯ ಮೇಲೆ ಕೈಯಿಟ್ಟು ತೋರಿಸಿದ ಆ ಹೆಣ್ಣುಮಗಳು, ದೇವರು ಕಾಲು ಎತ್ತಿಕೊಂಡ ಎಂದ ಮುದುಕ, ಎಲ್ಲರೂ ಕಣ್ಣ ಮುಂದೆ ಬಂದರು. ಮುದುಕ ಈಗ ಇಲ್ಲ. ಅವನನ್ನು ಮತ್ತೆ ಹೋಗಿ ಕೇಳಲು ಬರುವುದಿಲ್ಲ. ರಾಶಿ ಹೊಸದಾಗಿ ಮಾಡೋಣವೆಂದರೆ ಪಾಳಿ ಮತ್ತೆ ಯಾವಾಗಲೋ. ಅಷ್ಟರಲ್ಲಿ ಅವಳು ತನ್ನ ಓದು ಒಪ್ಪಿಸುವ ಗಡುವು ಮುಗಿದಿರುತ್ತದೆ.

“ಹೇಳ ಬೇ ಲಗೂ!”

ನಾನು ಸುತ್ತ ನೋಡಿದೆ. ಎದುರಿಗೆ ಕಂಡಕ್ಟರು. ಹಿಂದೆ ರೇಷ್ಮೆ ಸೀರೆ ಉಟ್ಟ ಹೆಂಗಸರ ದಂಡು. ತಲೆಯ ಮೇಲೆ ಜೋತುಬಿದ್ದ ಗಂಡಸರು. ಮಗ್ಗುಲಿಗೆ ನೆಗೆಣ್ಣಿ, ಭಾವನ ಎದುರು ಒಂದು ದಿನವೂ ತಲೆಯ ಮೇಲಿನ ಸೆರಗು ಜಾರಲು ಬಿಡದವಳು. ಸೆರಗನ್ನು ಫೋನಿನ ಮೇಲೆ ಮುಚ್ಚಿಕೊಂಡು ಪಿಸುಗುಟ್ಟಿದೆ.

“ಕೇಳವಲ್ದು ಬೇ! ಜೋರ ಹೇಳು!”

ಇನ್ನೊಂದು ಸಲ ಪಿಸುಗುಟ್ಟಿದೆ.

“ಏನೂ ಕೇಳವಲ್ದು. ಬಸ್ಸಿಂದ ಬರೇ ಗುರ್ ಗುರ್ ಕೇಳಾಕತ್ತೈತಿ!”

“ಅದ ಅದು, ಗುರ್ ಗುರ್ ಅನ್ನೋದು ಅದರಾಗ ಐತಿ,” ಎಂದೆ. ಕಂಡಕ್ಟರು ತಿರುಗಿ ನೋಡಿದ.

“ಅಮ್ಮಾರ, ಏನಾಗೇತ್ರಿ? ಯಾರಿಗರ ಆರಾಮಿಲ್ಲೇನು?”

“ಮೊಮ್ಮಗಳು ಒಂದು ಒಡಪು ಕೇಳಾಕತ್ತಾಳಪಾ,” ಎಂದು ನೆಗೆಣ್ಣಿ ನನ್ನ ಪರವಾಗಿ ಹೇಳಿಬಿಟ್ಟಳು. ಇಷ್ಟು ಹೊತ್ತು ಅವಳು ಕಿವಿಗೊಟ್ಟಿದ್ದಳು ಎಂದು ನನಗೆ ಗೊತ್ತೇ ಇರಲಿಲ್ಲ.

ಒಡಪು ಎಂದದ್ದೇ ತಡ, ಹಿಂದಿನ ಸೀಟುಗಳು ಎದ್ದುನಿಂತವು. “ಹೇಳ್ರಿ ಆಯಿ, ಹೇಳ್ರಿ! ಹಳೇ ಒಡಪು ಭಾಳ ಚಲೋ ಇರತಾವ!” “ಏ, ಸುಮ್ಮನಿರ್‍ರಿ, ಕೇಳಸಲಿ!” ಬಸ್ಸಿನ ಗದ್ದಲವೆಲ್ಲ ನಿಂತುಹೋಯಿತು. ಬೇಕಾದಾಗ ನಿಲ್ಲದ ಗದ್ದಲ ಬೇಡವಾದಾಗ ನಿಂತಿತು.

ಎಲ್ಲರೂ ಕೇಳುತ್ತಿದ್ದಾರೆ. ನಾನು ಗಂಟಲು ಸರಿಮಾಡಿಕೊಂಡು, ಮೊದಲ ಸಾಲು ಸರಿಯಾಗಿ ಹೇಳಿದೆ. ಎರಡನೆಯ ಸಾಲಿಗೆ ಬಂದಾಗ ಹಳೆಯ ರೂಢಿ ಕೈ ಹಿಡಿಯಿತು. ಕೆಮ್ಮಿದೆ. ಕೆಮ್ಮಿ, ಕುಳಿತಲ್ಲೇ ಬೇರೆ ಸಾಲು ಕಟ್ಟಿದೆ:

“ಮಂದಿ ಮುಂದ ಹುಲಿ ಹಂಗ ಗುರ್ ಗುರ್ ಅಂತಾರ, ಕದಾ ತಗದು —— ಬಂದವರಿಗೆ ನೀರ ಕೊಡತಾರ.”

ಗೆರೆ ಎಳೆದಲ್ಲಿ ಅವರ ಹೆಸರಿತ್ತು. ಇಲ್ಲಿ ಬರೆಯುವುದಿಲ್ಲ, ಹುಡುಕಬೇಡಿ. ವರ್ಷಗಳ ಮೇಲೆ ಆ ಹೆಸರು ನನ್ನ ನಾಲಿಗೆಯ ಮೇಲೆ ಬಂದು ಹೋಯಿತು. ಹೆಂಗಸರು “ಭಲೇ! ಭಾಳ ಚಲೋ ಆತು!” ಎಂದರು. ಮರ್ಯಾದೆ ಉಳಿಯಿತು ಎಂದುಕೊಂಡೆ.

ಫೋನಿನಲ್ಲಿ ಟಕಟಕ ಸದ್ದು. ಆಮೇಲೆ ಅಳು.

“ಆಗಲಿಲ್ಲ ಬೇ. ತಪ್ಪು ಅಂತೈತಿ.”

“ಇನ್ನೊಮ್ಮಿ ಹೊಡಿ.”

“ಹೊಡದೆ. ತಪ್ಪಂತ. ಆಯಿ, ಖರೇ ಹೇಳು, ನೀರು ಕೊಡೋದು ಇತ್ತೇನು ಅದರಾಗ? ನಾ ಅವತ್ತ ಅಷ್ಟ ನಕ್ಕಿದ್ದೆ. ನೀರು ಕೊಟ್ಟರ ಯಾರ ನಗತಾರ?”

ಇಡೀ ಬಸ್ಸು ಒಪ್ಪಿಕೊಂಡದ್ದನ್ನು ಆ ಡಬ್ಬಿ ಒಪ್ಪಲಿಲ್ಲ. ಹುಟ್ಟಿದಾಗಿನಿಂದ ಮಂದಿಯ ಮುಂದೆ ಒಂದು, ಒಳಗೆ ಒಂದು ಮಾಡಿಕೊಂಡು ಬಂದವಳು ನಾನು. ಅತ್ತೆ, ಮಾವ, ಓಣಿ, ಎಲ್ಲರೂ ನಾನು ತಿರುಗಿಸಿ ಹೇಳಿದ್ದನ್ನು ನಂಬಿದ್ದರು. ನಂಬದೇ ಇರುವಂಥದ್ದೊಂದು ಲೋಕದಲ್ಲಿ ಇದೆ, ಅದೂ ಯಾವುದೋ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಅದಕ್ಕೆ ಮರ್ಯಾದೆ ಬೇಡ. ಆ ದಿನ ಕಿವಿಯಲ್ಲಿ ಹೇಳಿದ್ದೇ ಬೇಕು, ಅಕ್ಷರಕ್ಕೆ ಅಕ್ಷರ.

ಹೊರಗೆ ನೋಡಿದೆ. ರಾಜೂರ ಹತ್ತಿರ ಬಂದಿತ್ತು. ಅದನ್ನು ದಾಟಿ ಗುಡ್ಡಗಳ ಮಗ್ಗುಲಿಗೆ ಹೊರಳಿದರೆ ಸಿಗ್ನಲ್ ಹೋಗಿ ನನ್ನ ಈ ಫೋನು ಸತ್ತಂತೆ. ಗಜೇಂದ್ರಗಡದಲ್ಲಿ ಇಳಿದು ಆ ಮನೆ ಸೇರಿದರೆ ಮೈಕು, ಆರತಿ, ಉಣ್ಣುವ ಗದ್ದಲ. ಹೊತ್ತು ಅಲ್ಲೇ ಹೋಗುತ್ತದೆ.

“ಬೇ ಆಯಿ…” ಎಂದಳು ಅವಳು. ಸಣ್ಣವಳಿದ್ದಾಗ ಬಿದ್ದು ಮೊಣಕಾಲು ತರಚಿಕೊಂಡರೆ ಹೀಗೇ ಕರೆಯುತ್ತಿದ್ದಳು.

ನಾನು ಎದ್ದು ನಿಂತೆ. ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಫೋನು. ಕಣ್ಣು ಮುಚ್ಚಿಕೊಂಡೆ, ಬಸ್ಸೆಲ್ಲ ಕೇಳುವಂತೆ ಕೂಗಿದೆ:

“ಮಂದಿ ಮುಂದ ಹುಲಿ ಹಂಗ ಗುರ್ ಗುರ್ ಅಂತಾರ, ಕದಾ ಹಾಕಿದ ಮ್ಯಾಲ —— ನನ್ನ ಕಾಲ ಒತ್ತತಾರ!”

ಟಿಕೀಟು ಹರಿಯುತ್ತಿದ್ದ ಕಂಡಕ್ಟರಿನ ಕೈ ಗಾಳಿಯಲ್ಲೇ ನಿಂತಿತು. ಒಬ್ಬ ಹಿರಿಯರು ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. ಫೋನಿನಲ್ಲಿ ಟಕ, ಟಕ, ಟಕ. ಮಧ್ಯದಲ್ಲಿ ಒಮ್ಮೆ “ಕಾಲ ಅಂದೆ ಏನು ಬೇ, ಕಾಲು ಅಂದೆ?” ಎಂದು ಕೇಳಿದಳು. “ಕಾಲ! ಕಾಲ! ಒತ್ತತಾರ!” ಎಂದು ಮತ್ತೆ ಕೂಗಬೇಕಾಯಿತು. ಭೂಮಿ ಬಾಯಿಬಿಡಲಿ ಎಂದು ಬೇಡಿಕೊಂಡೆ. ಬಸ್ಸಿನ ನೆಲ ತಗಡಿನದು, ಬಿಡಲಿಲ್ಲ.

“ತೆರೀತು! ಆಯಿ, ಕದಾ ತೆರೀತು! ಒಳಗ ಹೋದೆ! ಎಲ್ಲಾ ಅದಾವ ಬೇ, ಎಲ್ಲಾ ಫೈಲು ಇಲ್ಲೇ ಅದಾವ. ಇಳಿಯಾಕ ಹತ್ತ್ಯಾವ…” ಎನ್ನುತ್ತಿದ್ದಂತೆ ಬಸ್ಸು ರಾಜೂರ ದಾಟಿ ಹೊರಳಿತು. ಫೋನು ಸತ್ತಿತು.

ಆಗ ಬಸ್ಸು ಬಿದ್ದು ಬಿದ್ದು ನಕ್ಕಿತು. ಹೆಂಗಸರು ಚಪ್ಪಾಳೆ ಹೊಡೆದರು. ಒಬ್ಬಾಕೆ ತನ್ನ ಗಂಡನನ್ನು ತಿವಿದು, “ಕೇಳಿದೇನು? ಹುಲಿ ಅಂದ್ರ ಅದು!” ಎಂದಳು. ನಾನು ಸೀಟಿನಲ್ಲಿ ಕುಸಿದೆ. ನೆಗೆಣ್ಣಿಯ ಕಡೆ ನೋಡಲು ಧೈರ್ಯವಾಗಲಿಲ್ಲ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಭುಜ ಕುಲುಕುತ್ತಿತ್ತು. ಭಾವನ ಮಾನ ಬೀದಿಗೆ ಬಂತೆಂದು ಅಳುತ್ತಿದ್ದಾಳೆ ಎಂದುಕೊಂಡೆ.

“ತಂಗೀ, ತಪ್ಪ ತಿಳಕೋಬ್ಯಾಡವಾ. ಹುಡುಗಿ ಅಳಾಕತ್ತಿದ್ಲು…”

ಅವಳು ಸೆರಗು ಸರಿಸಿದಳು. ಅಳು ಅಲ್ಲ, ನಗು. ಕೆಮ್ಮು ಹತ್ತುವಷ್ಟು ನಗು.

“ಯಕ್ಕಾ, ನಾ ಆ ಮನಿಗೆ ಬಂದ ವಾರದಾಗ ನನಗ ಗೊತ್ತಾಗಿತ್ತು.”

“ಏನು?”

“ಕೊಬ್ಬರಿ ಎಣ್ಣಿ. ನಿಮ್ಮ ಕ್ವಾಣಿ ಕದಕ್ಕ ಸಂದಿ ಇತ್ತಲ್ಲಾ, ಕೆಳಗಿನ ಹಲಗಿ ಹತ್ರ. ದೀಪದ ಬೆಳಕು ಬರತಿತ್ತು.”

ನಾನು ಅವಳ ಕೈ ಹಿಡಿದುಕೊಂಡೆ.

“ಅತ್ತೀಗೆ ಗೊತ್ತಾಗಿದ್ರ ನನ್ನ…”

“ಅತ್ತೀನ ನನಗ ಹೇಳಿದ್ಲು! ನಾ ಒಮ್ಮಿ ನೀರಿನ ಕೊಡ ತಗೊಂಡು ಆ ಕಡೆ ಹೊಂಟಿದ್ದೆ. ಕೈ ಹಿಡದು ನಿಲ್ಲಿಸಿದ್ಲು. ‘ಆ ಕಡೆ ಹೋಗಬ್ಯಾಡ, ನನ್ನ ಮಗ ಕೆಲಸದಾಗ ಅದಾನ’ ಅಂದ್ಲು.”

ನಾನು ಕಿಟಕಿಯ ಕಡೆ ತಿರುಗಿದೆ. ಗುಡ್ಡಗಳು ಓಡುತ್ತಿದ್ದವು, ನನಗೆ ಏನೂ ಕಾಣಲಿಲ್ಲ. ಎಷ್ಟು ವರ್ಷ ನಾನು ಆ ಗುಟ್ಟನ್ನು ಉಡಿಯಲ್ಲಿ ಕಟ್ಟಿಕೊಂಡು ತಿರುಗಿದೆ! ಅವರು ಎಷ್ಟು ಹೆದರಿದರು, ನಾನು ಎಷ್ಟು ಬಳೆ ಗಿಟ್ಟಿಸಿದೆ! ಮನೆಗೆ ಮನೆಯೇ ಗೊತ್ತಿದ್ದೂ ಗೊತ್ತಿಲ್ಲದಂತೆ ಇತ್ತು. ಸಂಜೆಯಾದರೆ ಅತ್ತೆ ಪಡಸಾಲೆಯಲ್ಲಿ ಪಾತ್ರೆಗಳನ್ನು ಧಡಬಡ ಇಡುತ್ತಿದ್ದಳು. ನನ್ನ ಮೇಲಿನ ಸಿಟ್ಟಿಗೆ ಎಂದುಕೊಂಡಿದ್ದೆ. ಈಗ ಈ ಬಸ್ಸಿನಲ್ಲಿ ಕುಳಿತು ಅದರ ಅರ್ಥ ಬೇರೆಯಾಯಿತು. ಯಾರೂ ಆ ಕಡೆ ಬರದಂತೆ ಅವಳು ಕಾವಲು ಇದ್ದಳು. ಆ ಅತ್ತೆಗೆ ನಾನು ಒಂದು ಒಳ್ಳೆಯ ಮಾತೂ ಆಡಿರಲಿಲ್ಲ.

ಗಜೇಂದ್ರಗಡದ ಆ ಮನೆಯ ಹೊಸ್ತಿಲು ಏರುವ ಮೊದಲೇ ಒಳಗಿನಿಂದ ಯಾರೋ, “ಹುಲಿ ಆಯಿ ಬಂದ್ಲು!” ಎಂದು ಕೂಗಿದರು. ನಾನು ಬೆಚ್ಚಿಬಿದ್ದೆ. ಬಸ್ಸಿನ ಹಿಂದಿನ ಸೀಟಿನ ರೇಷ್ಮೆ ಸೀರೆಗಳೂ ಅದೇ ಕುಬಸಕ್ಕೆ ಬಂದಿದ್ದವು! ನಾವು ಮುದುಕಿಯರು ನಡೆದು ಬರುವಷ್ಟರಲ್ಲಿ ಅವರು ಆಟೋ ಹಿಡಿದು ಬಂದು ಎಲ್ಲ ಹೇಳಿ ಮುಗಿಸಿದ್ದರು. ಬಸುರಿ ಹುಡುಗಿ ಹಸಿರು ಸೀರೆಯಲ್ಲಿ ನಗುತ್ತ ಕುಳಿತಿದ್ದಳು. ನನ್ನ ಕೈ ಹಿಡಿದು ಎಳೆದು ಹಿಂದಿನ ಸಾಲಿನಲ್ಲಲ್ಲ, ತನ್ನ ಮಗ್ಗುಲಿಗೇ ಕೂಡಿಸಿಕೊಂಡಳು. ಅವಳ ಅತ್ತೆ ಒಂದು ಗಳಿಗೆ ಹುಬ್ಬು ಗಂಟಿಕ್ಕಿದಳು. ಮಾತು ಕಡಿಮೆ, ಮಡಿ ಜಾಸ್ತಿ ಎಂದೆನಲ್ಲ, ಆ ನನ್ನ ನೆಗೆಣ್ಣಿ ಆಕೆಗೆ, “ಕೂಡಲಿ ಬಿಡ್ರಿ. ನಮ್ಮ ಹುಡುಗಿಗೂ ಅಂಥಾ ಹುಲಿನ ಸಿಕ್ಕಿರಲಿ,” ಎಂದಳು. ಆಕೆ ತನ್ನ ಮಗನ ಕಡೆ ನೋಡಿದಳು. ಅಳಿಯ ಎದ್ದು ಅಂಗಳಕ್ಕೆ ಹೋದ.

ಉಂಡು ಕೈ ತೊಳೆಯುವಾಗ ಮೊಮ್ಮಗಳ ಫೋನು ಮತ್ತೆ ಬಂತು.

“ಎಲ್ಲಾ ಬಂದ್ವು ಬೇ ಆಯಿ. ನಡಕ ಒಮ್ಮೆ ನಿಂತಿತ್ತು, ನಿಂತಲ್ಲಿಂದನ ಮತ್ತ ಇಳಿಸಿದೆ. ಅಲ್ಲಿದ್ದದ್ದು ಇಲ್ಲಿ ಬಂದದ್ದು ತಾಳೆ ನೋಡಿದೆ, ಒಂದಕ್ಷರ ಹೆಚ್ಚಿಲ್ಲ, ಕಡಿಮಿಲ್ಲ. ಗಂಟು ಯಾರೂ ಬಿಚ್ಚಿಲ್ಲ.”

“ಮುದುಕನ ದೇವರ ಮಾಡ?”

“ಅದೂ ಐತಿ.”

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಅವಳು ದನಿ ಬದಲಿಸಿ ಕೇಳಿದಳು: “ಆಯಿ, ಆವಾಗ ನಿನ್ನ ಹಿಂದ ಯಾರೋ ಭಲೇ ಅಂದಂಗಾತಲ್ಲಾ… ಎಷ್ಟ ಮಂದಿ ಕೇಳಿದ್ರು?”

“ಬಸ್ಸಿನ್ಯಾಗಿನವರು ಅಷ್ಟ. ಮತ್ತ ಈಗ ಕುಬಸದವರು.”

“ಅಯ್ಯಯ್ಯ! ಹಂಗಾದ್ರ ಅದು ಗುಟ್ಟು ಹ್ಯಾಂಗಾತು ಬೇ! ಬದಲಿ ಮಾಡಬೇಕು. ಇವತ್ತ ಮಾಡಬೇಕು.”

“ಅದು ಮೊದಲಿಂದ ಗುಟ್ಟ ಇರಲಿಲ್ಲವಾ,” ಎಂದೆ. “ಕದಕ್ಕ ಸಂದಿ ಇತ್ತಂತ.”

ಹೊಸ ಒಡಪು ಹೇಳೆಂದು ಅವಳು ಕೇಳಿದರೆ ನಾನು ಒಪ್ಪಲಿಲ್ಲ. ಅವಳೇ ಒಂದು ಮಾತು ಮಾಡಿಕೊಂಡು ತನ್ನ ಕೆಲಸಕ್ಕೆ ಇಟ್ಟುಕೊಂಡಳು. ಆದರೆ ಮೆಣಸಗಿಯ ಫೈಲುಗಳ ಒಂದು ನಕಲನ್ನು ಸವಡಿಯ ಮನೆಯಲ್ಲೇ ಇಡಬೇಕು, ಅದರ ಗುಟ್ಟಿನ ಮಾತು ನಾನೇ ಹೊಡೆಯಬೇಕು ಎಂದು ನಾನು ಹಟ ಹಿಡಿದೆ. ಇನ್ನೊಮ್ಮೆ ಬಸ್ಸಿನಲ್ಲಿ ಎದ್ದು ನಿಲ್ಲುವ ಪ್ರಸಂಗ ಬರಬಾರದಲ್ಲ. ಅದಕ್ಕಾಗಿಯೇ ನಾನು ಟೈಪು ಕಲಿತದ್ದು. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುತ್ತದೆ. ಮೊದಮೊದಲು ನಾನು ‘ರೊಟ್ಟಿ’ ಎಂದರೆ ಅದು ಏನೇನೋ ಬರೆಯುತ್ತಿತ್ತು. ಈಗ ಒಬ್ಬರಿಗೊಬ್ಬರು ರೂಢಿಯಾಗಿದ್ದೇವೆ. ಇದನ್ನೆಲ್ಲ ಹಾಗೇ ಒಂದೇ ಬೆರಳಿನಲ್ಲಿ ಬರೆಯುತ್ತಿದ್ದೇನೆ.

ಮೊಮ್ಮಗಳು ರಜೆಗೆ ಬಂದಾಗ ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟು, ತಾನು ಮುಖ ತಿರುಗಿಸಿ ಕುಳಿತಳು. ಪರದೆ ಕರ್ರಗೆ ಕಾಯುತ್ತಿತ್ತು. ಬಾಯಿಂದ ನಾನು ಒಡಪಿಲ್ಲದೆ ಎಂದೂ ಹೇಳದ ಹೆಸರು. ಇವತ್ತು ಹುಲಿ ಇಲ್ಲ, ಕದ ಇಲ್ಲ, ಪ್ರಾಸ ಇಲ್ಲ. ಬರೀ ಹೆಸರು, ಮತ್ತು ಅದರ ಮುಂದೆ ಅವರಿಗೆ ನಾನು ಹೇಳಬೇಕೆಂದಿದ್ದ ಒಂದು ಮಾತು. ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ.

ಪರದೆಯ ಮೇಲೆ ಒಂದು ಚುಕ್ಕಿ ಸಹ ಮೂಡಲಿಲ್ಲ.

“ಆತೇನ ಬೇ?” ಎಂದಳು ಅವಳು ಗೋಡೆಯ ಕಡೆ ಮುಖ ಮಾಡಿಕೊಂಡೇ.

“ತಡಿಯ, ಇನ್ನೊಮ್ಮಿ ಹೊಡಿ ಅಂತೈತಿ,” ಎಂದೆ. ಅದು ಹೊಸ ಮಾತನ್ನು ಎರಡು ಸಲ ಕೇಳುತ್ತದೆ. ನನಗೇನೂ ಬೇಸರವಿರಲಿಲ್ಲ. ಅವರ ಹೆಸರನ್ನು ಮತ್ತೊಮ್ಮೆ, ಮೊದಲಿನಿಂದ, ನಿಧಾನವಾಗಿ ಬರೆದೆ.